2017ರ ‘ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್’ ಚಿತ್ರವನ್ನು ಕೆಲವರು ಮೆಚ್ಚುವುದು, ಕೆಲವರು ಬಯ್ಯುವುದು ಏಕೆ?

ತಕರಾರು ಇರುವುದು ಕಥೆಯ ಬಗ್ಗೆ ಅಲ್ಲ, ಪತ್ತೇದಾರ ಪೊಯ್ರೊ ಬಗ್ಗೆ. ಅಗಾಥಾ ಕ್ರಿಸ್ಟಿಯವರ 1934ರ ಕಾದಂಬರಿಯಲ್ಲಿ ಆತ ಬಹುಪಾಲು ಕುಳಿತಲ್ಲೇ ಕೊಲೆಯ ಗಂಟು ಬಿಡಿಸುತ್ತಾನೆ. ಹಿಮದಲ್ಲಿ ಸಿಕ್ಕಿಕೊಂಡ ರೈಲು, ಒಬ್ಬೊಬ್ಬರನ್ನೇ ಕರೆದು ವಿಚಾರಣೆ, ಮಾತಿನ ನಡುವೆ ಬಾಯಿತಪ್ಪಿ ಬರುವ ಸುಳಿವು: ಓದುಗರಿಗೆ ರುಚಿ ಹತ್ತಿದ್ದೇ ಇದಕ್ಕೆ. ಕೆನೆತ್ ಬ್ರಾನಾ ನಿರ್ದೇಶಿಸಿ ತಾವೇ ಪೊಯ್ರೊ ಆದ ಚಿತ್ರದಲ್ಲಿ ಅದೇ ಮನುಷ್ಯ ಶಂಕಿತನ ಬೆನ್ನಟ್ಟಿ ಓಡುತ್ತಾನೆ, ಗುಂಡೇಟನ್ನೂ ತಿನ್ನುತ್ತಾನೆ. ಡೇವಿಡ್ ಸೂಶೆ 1989ರಿಂದ 2013ರವರೆಗೆ ಕಿರುತೆರೆಯಲ್ಲಿ ಕಟ್ಟಿಕೊಟ್ಟ ಅಚ್ಚುಕಟ್ಟಿನ ಪೊಯ್ರೊವನ್ನು ನೋಡಿ ಬೆಳೆದವರಿಗೆ ಇದು ಗಂಟಲಲ್ಲಿ ಇಳಿಯುವುದಿಲ್ಲ.

ಮೆಚ್ಚುವವರಲ್ಲಿ ಹೆಚ್ಚಿನವರು ಕಥೆಯನ್ನು ಮೊದಲ ಬಾರಿ ಕಂಡವರು ಎಂದು ನನ್ನ ಊಹೆ. ಕೊಲೆಗಾರರ ಗುಟ್ಟು ಗೊತ್ತಿಲ್ಲದವರಿಗೆ ಕೊನೆಯ ಆಘಾತ ಪೂರ್ತಿ ದಕ್ಕುತ್ತದೆ. ಗೊತ್ತಿದ್ದವರು ಉಳಿದ ಹೊತ್ತೆಲ್ಲ ಹೋಲಿಕೆಯಲ್ಲೇ ಕಳೆಯುತ್ತಾರೆ. ಬ್ರಾನಾ ಅವರ ಪೊಯ್ರೊನ ಮೀಸೆಯ ಗಾತ್ರ ಕಂಡು ನಗುವವರು ಮಾತ್ರ ಮೂಲವನ್ನು ಮತ್ತೊಮ್ಮೆ ತಿರುವಿಹಾಕಬೇಕು, ಅಲ್ಲಿಯೂ ಅದು ಭಾರೀ ಮೀಸೆಯೇ.

ನನ್ನ ಒಲವು ಇದೇ ಕಾದಂಬರಿಯನ್ನು ಆಧರಿಸಿದ ಸಿಡ್ನಿ ಲ್ಯೂಮೆಟ್ ಅವರ 1974ರ ಚಿತ್ರದ ಕಡೆಗೆ. ಇಂಗ್ರಿಡ್ ಬರ್ಗ್‌ಮನ್ ಅವರಿಗೆ ಆಸ್ಕರ್ ತಂದ ವಿಚಾರಣೆಯ ದೃಶ್ಯದಲ್ಲಿ ಯಾರೂ ಓಡುವುದಿಲ್ಲ, ಕ್ಯಾಮೆರಾ ಅವರ ಮುಖವನ್ನು ಬಿಟ್ಟು ಕದಲುವುದೂ ಇಲ್ಲ.