ಚಿತ್ರದ ಡೈರಿಯಿಂದ ಗೋಡೆಯ ಪೋಸ್ಟರ್: ಶಿಡ್ಲಘಟ್ಟದ ತಂಗಿಗೆ ಉತ್ತರ

ತಂಗಿ, ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. 14 ತಿಂಗಳಿಂದ ದಿನಾ ರಾತ್ರಿ ಒಂದೊಂದು ಪುಟ ಚಿತ್ರ ಬರೆದಿದ್ದೀರಿ. ರೇಷ್ಮೆ ಹುಳ, ಸೊಪ್ಪು, ಮಳೆ ಹನಿ, ಕರೆಂಟು ಹೋದದ್ದು, ಆವತ್ತಿನ ನಿಮ್ಮ ಮುಖ, ಎಲ್ಲ ಇದೆ. ಅಷ್ಟರಲ್ಲಿ ಒಂಬತ್ತು ಬೆಳೆ ಗೂಡು ತೆಗೆದಿರಿ, ಅದರಲ್ಲಿ ಎರಡು ಕೈಕೊಟ್ಟವು. ಈಗ ಐದು ನೋಟ್‌ಬುಕ್ಕೂ ಸೇರಿ ಗೋಡೆಗೆ ಒಂದು ಪೋಸ್ಟರ್ ಆಗಬೇಕು. ಫೋನಿನ ಆ್ಯಪ್‌ನಲ್ಲಿ ಮಾಡಿದರೆ "ಬ್ಯಾಂಕಿನವರು ಕೊಡೋ ಕ್ಯಾಲೆಂಡರ್ ಥರ ಬಂತು, ನನ್ನದು ಅನ್ನಿಸಲಿಲ್ಲ" ಅಂದಿರಿ.

ಅನ್ನಿಸದೇ ಇರೋದು ಸಹಜ. ಆ ಆ್ಯಪ್‌ಗೆ ಗೊತ್ತಿರೋದು ಜನವರಿ, ಫೆಬ್ರವರಿ ಮಾತ್ರ. ನಿಮ್ಮ ವರ್ಷ ಹಾಗೆ ನಡೆಯೋದಿಲ್ಲವಲ್ಲ.

ನಾನು ಮುಳಬಾಗಿಲು ಕಡೆಯವನು. ಟೊಮೆಟೊ, ರಾಗಿ, ನಾಲ್ಕು ಮಾವಿನ ಮರ. 2023ರ ನನ್ನ ಚಿತ್ರದ ಡೈರಿಯಿಂದ ಪೋಸ್ಟರ್ ಮಾಡಿದ್ದೆ. ಎರಡು ಸಲ ಕೆಡಿಸಿದೆ, ಮೂರನೆಯದು ಹಾಲ್‌ನಲ್ಲಿ ತೂಗುಹಾಕಿದ್ದೀನಿ. ಮೊದಲನೆಯದರಲ್ಲಿ ಹನ್ನೊಂದು ವಿಷಯ ತುರುಕಿದ್ದೆ. ಮಳೆ, ಬೆಲೆ, ನಿದ್ದೆ, ಕಾಫಿ, ಹಕ್ಕಿ, ಜಗಳ ಕೂಡ. ನಮ್ಮ ಮನೆಯವಳು ನೋಡಿ, "ಇದು ಯಾವ ಲ್ಯಾಬಿನ ರಿಪೋರ್ಟು?" ಅಂದಳು. ಮಡಚಿ ಅಟ್ಟಕ್ಕೆ ಹಾಕಿದೆ.

ಅದಕ್ಕೇ ಹೇಳ್ತೀನಿ, ಮೊದಲು ಕಂಪ್ಯೂಟರ್ ಮುಟ್ಟಬೇಡಿ. ಅಂಗಡಿಯಲ್ಲಿ ಸಿಗುವ ಉದ್ದದ ಲೆಕ್ಕದ ಪುಸ್ತಕ ಒಂದು ತನ್ನಿ. ದಿನಕ್ಕೊಂದು ಗೆರೆ. ತಾರೀಖು, ಮಳೆ, ಹುಳದ ಹಂತ, ಥರ್ಮಾಮೀಟರ್, ಕರೆಂಟು, ಮುಖ. ಆ ದಿನದ ಚಿತ್ರದಲ್ಲಿ ಏನಿದೆಯೋ ಅಷ್ಟನ್ನೇ ಗೆರೆಗೆ ಇಳಿಸಿ. ಈ ಕೆಲಸಕ್ಕೆ ನನಗೆ ನಾಲ್ಕು ಭಾನುವಾರ ಹಿಡಿಯಿತು. ಬೇಜಾರಿನ ಕೆಲಸ ಹೌದು. ಆದರೆ ಪೋಸ್ಟರಿನಲ್ಲಿ ಏನಿರಬೇಕು ಅಂತ ಹೊಳೆಯೋದು ಇಲ್ಲೇ.

ಇಳಿಸುವಾಗ ಎರಡು ಕಡೆ ಕೈ ತಪ್ಪುತ್ತೆ. ಒಂದು, ನೀವು ಮಳೆಗೆ ಒಂದು ಹನಿ, ಎರಡು ಹನಿ, ಮೂರು ಹನಿ ಅಂತ ಬರೆದಿದ್ದೀರಿ. ಅದನ್ನು ಮಿಲಿಮೀಟರ್ ಮಾಡಲು ಹೋಗಬೇಡಿ. ಮೂರು ಹನಿ ಅಂದರೆ ಒಂದು ಹನಿಯ ಮೂರರಷ್ಟು ಮಳೆ ಅಂತ ಅರ್ಥ ಅಲ್ಲ, "ಜೋರು" ಅಂತ ಮಾತ್ರ. ಪೋಸ್ಟರಿನಲ್ಲೂ ತುಂತುರು, ಮಳೆ, ಜೋರು ಅಂತ ಮೂರೇ ಇರಲಿ. ಸರಾಸರಿ ಗಿರಾಸರಿ ಬೇಡ.

ಎರಡನೆಯದು, ಏನೂ ಬರೆಯದ ದಿನಗಳು. ನೆನಪಿನಿಂದ ತುಂಬಿಸಬೇಡಿ, ಖಾಲಿ ಬಿಡಿ. ನನ್ನ ವರ್ಷದಲ್ಲಿ 41 ದಿನ ಖಾಲಿ ಇತ್ತು. ಅದರಲ್ಲಿ 19 ಒಂದೇ ಸಾಲಿಗೆ ಬಂದವು, ಅಮ್ಮ ಆಸ್ಪತ್ರೆಯಲ್ಲಿದ್ದ ದಿನಗಳು. ಮೊದಲು ನಾಚಿಕೆಯಾಗಿ ಆ ಜಾಗಕ್ಕೆ ಏನೋ ಒಂದು ಹೂವು ಬರೆದಿದ್ದೆ. ಆಮೇಲೆ ಅಳಿಸಿದೆ. ಈಗ ಮನೆಗೆ ಬಂದವರೆಲ್ಲ ಬೆರಳಿಟ್ಟು ಕೇಳೋದು ಆ ಬಿಳಿ ಜಾಗವನ್ನೇ.

ಲೆಕ್ಕ ಇಳಿಸಿದ ಮೇಲೆ ಒಂದೇ ಒಂದು ಪ್ರಶ್ನೆ ಇಟ್ಟುಕೊಳ್ಳಿ. ನಿಮ್ಮ ಮಾತಿನಲ್ಲೇ ಅದು ಇದೆ: "ಆ ಎರಡು ಬೆಳೆಯ ದಿನಗಳು ಉಳಿದ ಏಳಕ್ಕಿಂತ ಹೇಗೆ ಬೇರೆ ಇದ್ದವು?" ಈ ಪ್ರಶ್ನೆಗೆ ಬೇಡದ್ದೆಲ್ಲ ಡೈರಿಯಲ್ಲೇ ಇರಲಿ. ಕೋಳಿ, ಬಸ್ಸು, ಹಬ್ಬದ ಅಡುಗೆ, ಎಲ್ಲ ಚೆಂದದ ಚಿತ್ರಗಳೇ ಇರಬಹುದು. ಅವಕ್ಕೆ ಮುಂದೆ ಇನ್ನೊಂದು ಪೋಸ್ಟರ್ ಮಾಡಿ.

ಈಗ ಜೋಡಣೆ. ನನ್ನ ಪೋಸ್ಟರ್ ಕೈಗೆ ಬಂದದ್ದು ತಿಂಗಳು ಬಿಟ್ಟು ಮಳೆ ನಕ್ಷತ್ರ ಹಿಡಿದ ಮೇಲೆ. ಏಪ್ರಿಲ್ ಮಧ್ಯದ ಅಶ್ವಿನಿಯಿಂದ ಶುರು, ರೇವತಿಗೆ ಕೊನೆ. ಒಟ್ಟು 27 ಸಾಲು, ಒಂದೊಂದರಲ್ಲಿ 13 ಇಲ್ಲವೇ 14 ಚುಕ್ಕಿ, ರಂಗೋಲಿಗೆ ಇಡ್ತಾರಲ್ಲ ಹಾಗೆ. ಯಾವ ಮಳೆ ಯಾವತ್ತು ಹುಟ್ಟುತ್ತೆ ಅಂತ ಪಂಚಾಂಗದಲ್ಲಿ ಇರುತ್ತೆ. ಚಳಿಗಾಲದ ಹೆಸರುಗಳು ನನಗೂ ಬಾಯಿಗೆ ಬರಲ್ಲ, ನೋಡಿಯೇ ಬರೆದೆ. ಆದರೆ "ಜೂನ್ 22" ಅಂದರೆ ನಮ್ಮಪ್ಪನಿಗೆ ಏನೂ ನೆನಪಾಗಲ್ಲ. "ಆರಿದ್ರಾ" ಅಂದ ತಕ್ಷಣ ಆ ವರ್ಷ ಎಲ್ಲಿ ಏನು ಬಿತ್ತಿದ್ದೆವು ಅಂತ ಹೇಳಿಬಿಡ್ತಾರೆ.

ನಿಮಗೆ ಮಾತ್ರ ನಾನು ಇದನ್ನೇ ಮಾಡಿ ಅನ್ನಲ್ಲ. ನಿಮ್ಮ ಮನೆಯಲ್ಲಿ ದಿನ ಎಣಿಸೋದು ಹುಳದ ಲೆಕ್ಕದಲ್ಲಿ. ಚಾಕಿ (ಮರಿ ಹುಳ) ಬಂತು, ಮೂರನೇ ಜ್ವರ (ಹುಳ ಪೊರೆ ಬಿಡೋ ಹೊತ್ತು), ನಾಲ್ಕನೇ ಜ್ವರ, ಹುಳ ಹಣ್ಣಾಯಿತು, ಗೂಡು ಕಟ್ಟೋಕೆ ಚಂದ್ರಿಕೆಗೆ ಬಿಟ್ಟೆವು, ಗೂಡು ಬಿಡಿಸಿದೆವು. ಪೋಸ್ಟರಿಗೂ ಅದೇ ಲೆಕ್ಕ ಇರಲಿ. ಒಂದೊಂದು ಬೆಳೆಗೆ ಒಂದೊಂದು ಅಡ್ಡ ಪಟ್ಟಿ, ಒಂಬತ್ತು ಪಟ್ಟಿ ಒಂದರ ಕೆಳಗೊಂದು. ಎಲ್ಲ ಪಟ್ಟಿಯೂ ಚಾಕಿ ಮನೆಗೆ ಬಂದ ದಿನದಿಂದಲೇ ಶುರುವಾಗಬೇಕು, ತಾರೀಖು ಏನೇ ಇರಲಿ. ಆಗ ಒಂಬತ್ತು ಬೆಳೆಯ ನಾಲ್ಕನೇ ಜ್ವರವೂ ಹೆಚ್ಚು ಕಡಿಮೆ ಒಂದೇ ನೇರಕ್ಕೆ ಬರುತ್ತೆ. ಯಾವ ಬೆಳೆಯಲ್ಲಿ ಜ್ವರ ಏಳೋದು ಒಂದು ದಿನ ತಡವಾಯಿತು ಅಂತ ಕಣ್ಣಿಗೆ ಹೊಡೆಯುತ್ತೆ. ಪಟ್ಟಿಯ ಎಡಗಡೆ ಆ ಚಾಕಿ ಯಾವ ಮಳೆಯಲ್ಲಿ ಬಂತೋ ಆ ಹೆಸರು ಬರೆಯಿರಿ. ರೋಹಿಣಿ ಬೆಳೆ, ಹುಬ್ಬೆ ಬೆಳೆ, ಸ್ವಾತಿ ಬೆಳೆ.

ಅಳತೆ ಕೇಳಿದ್ದಿರಿ. ಎ2 ಹಾಳೆ ತಗೊಳ್ಳಿ, 420 ಮಿ.ಮೀ. ಅಗಲ, 594 ಮಿ.ಮೀ. ಉದ್ದ. ಅದನ್ನು ಅಡ್ಡ ಇಡಿ. ಈಗ 594ರಲ್ಲಿ ಹೆಸರಿಗೆ 70, ಎರಡು ಅಂಚಿಗೆ 44 ಬಿಟ್ಟರೆ 480 ಉಳಿಯುತ್ತೆ. ಎರಡನೇ ಜ್ವರ ಎದ್ದ ಚಾಕಿ ತಂದು ಗೂಡು ಬಿಡಿಸೋವರೆಗೆ 24 ದಿನ ಅಂತ ಇಟ್ಟರೆ ದಿನಕ್ಕೆ 20 ಮಿ.ಮೀ. ಮೇಲಿಂದ ಕೆಳಕ್ಕೆ 420. ತಲೆಬರಹಕ್ಕೆ 60, ಕೆಳಗೆ ಗುರುತುಗಳ ಅರ್ಥ ಬರೆಯಲು 70, ಅಂಚಿಗೆ 20 ಕಳೆದರೆ 270. ಒಂಬತ್ತು ಪಟ್ಟಿಗೆ ಹಂಚಿದರೆ ತಲಾ 30. ಅಲ್ಲಿಗೆ ದಿನಕ್ಕೊಂದು 20ಕ್ಕೆ 30ರ ಮನೆ, ಚೌಕಾಬಾರದ ಮನೆ ಥರ. ಒಂದು ಪುಟ್ಟ ಹುಳ, ಒಂದು ಹನಿ, ಒಂದು ಮುಖ ಆರಾಮಾಗಿ ಹಿಡಿಯುತ್ತೆ. ಚಾರ್ಟ್ ಶೀಟೇ ಸಾಕು ಅಂದರೆ ಅದು ಸಾಮಾನ್ಯವಾಗಿ 22 ಇಂಚಿಗೆ 28 ಇಂಚು ಇರುತ್ತೆ, ಇನ್ನೂ ಸ್ವಲ್ಪ ಸಡಿಲ.

ಬಣ್ಣದ ವಿಷಯದಲ್ಲಿ ಜಿಪುಣರಾಗಿ. ದೊಡ್ಡ ಹುಳಕ್ಕೆ 24-25 ಡಿಗ್ರಿ ಬೇಕು ಅಂತ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಹಾಗಾಗಿ ಸರಿ ಇದ್ದ ದಿನಕ್ಕೆ ಬಣ್ಣವೇ ಬೇಡ, ಬಿಳಿ ಇರಲಿ. ಮೀರಿದ ದಿನಕ್ಕೆ ಇಟ್ಟಿಗೆ ಬಣ್ಣ, ತೀರಾ ತಣ್ಣಗಾದ ದಿನಕ್ಕೆ ನೀಲಿ. ಅಷ್ಟೇ. ದಿನಾ ಬಣ್ಣ ಬಳಿದರೆ ಯಾವುದೂ ಎದ್ದು ಕಾಣಲ್ಲ. ಕೆಂಪು ಹಸಿರು ಎದುರುಬದುರು ಹಾಕಬೇಡಿ. ಅವೆರಡೂ ಒಂದೇ ಥರ ಕಾಣೋ ಜನ ಇದ್ದಾರೆ, ಗಂಡಸರಲ್ಲಿ ಜಾಸ್ತಿ. ಮುಗಿದ ಮೇಲೆ ಫೋನಿನಲ್ಲಿ ಫೋಟೊ ತೆಗೆದು ಕಪ್ಪು ಬಿಳುಪು ಮಾಡಿ ನೋಡಿ. ಆಗಲೂ ಬೇರೆ ಬೇರೆ ಕಂಡರೆ ಗೆದ್ದಿರಿ.

ಗೂಡಿನ ತೂಕವನ್ನು ಪಟ್ಟಿಯ ಕೊನೆಯಲ್ಲಿ ದುಂಡಗೆ ಗೂಡಿನ ಆಕಾರದಲ್ಲೇ ತೋರಿಸಬೇಕು ಅಂದಿರಿ. ಐಡಿಯಾ ಚೆನ್ನಾಗಿದೆ, ಆದರೆ ನಾನು ಎರಡನೇ ಪೋಸ್ಟರ್ ಕೆಡಿಸಿದ್ದು ಇಲ್ಲೇ. 2023ರ ಜೂನ್ ಮೊದಲಲ್ಲಿ ಟೊಮೆಟೊ 15 ಕೆಜಿ ಬಾಕ್ಸ್ 250 ರೂಪಾಯಿಗೆ ಮಾರಿ, ಬೇಜಾರಾಗಿ ತೋಟ ಕಿತ್ತುಹಾಕಿದ್ದೆ. ಜುಲೈನಲ್ಲಿ ಕೋಲಾರ ಮಾರ್ಕೆಟ್‌ನಲ್ಲಿ ಅದೇ ಬಾಕ್ಸ್ 2000 ದಾಟಿತು. (ಆ ತಿಂಗಳು ನನ್ನ ಡೈರಿಯ ಮುಖಗಳನ್ನು ಯಾರಿಗೂ ತೋರಿಸಲ್ಲ.) ಎಂಟು ಪಟ್ಟು ಅಲ್ವಾ ಅಂತ ಎಂಟು ಪಟ್ಟು ಅಗಲದ ಟೊಮೆಟೊ ಬರೆದೆ. ಹಾಳೆಯ ಅರ್ಧ ಅದೇ ನುಂಗಿತು. ಯಾಕೆಂದರೆ ಅಗಲ ಎಂಟು ಪಟ್ಟಾದರೆ ಅದು ಹಿಡಿಯೋ ಜಾಗ 64 ಪಟ್ಟಾಗುತ್ತೆ. ನೋಡೋರ ಕಣ್ಣು ಅಳೆಯೋದು ಜಾಗವನ್ನ. 8ರ ವರ್ಗಮೂಲ ಸುಮಾರು 2.8, ಹಾಗಾಗಿ ಒಂದು ಸೆಂಟಿಮೀಟರ್ ಟೊಮೆಟೊ ಪಕ್ಕ 2.8 ಸೆಂಟಿಮೀಟರಿನದು ಬರೆದರೆ ಸಾಕಿತ್ತು. ನಿಮಗೂ ಹಾಗೇ: ತೂಕ ನಾಲ್ಕು ಪಟ್ಟಾದರೆ ಗೂಡಿನ ಉದ್ದ, ಅಗಲ ಎರಡು ಪಟ್ಟು. ಲೆಕ್ಕ ತಲೆನೋವು ಅನಿಸಿದರೆ ಒಂದೇ ಅಳತೆಯ ಗೂಡು ಸಾಲಾಗಿ ಬರೆಯಿರಿ, ಒಂದು ಗೂಡಿಗೆ ಹತ್ತು ಕೆಜಿ. ನನ್ನ ಕೇಳಿದರೆ ಇದೇ ವಾಸಿ. ಎಣಿಸಬಹುದು.

ಈ ಜಾಗದ ಲೆಕ್ಕ ಹಳೇ ವಿದ್ಯೆ. ಫ್ಲಾರೆನ್ಸ್ ನೈಟಿಂಗೇಲ್ 1858ರಲ್ಲಿ ಕ್ರಿಮಿಯಾ ಯುದ್ಧದ ಬ್ರಿಟಿಷ್ ಸೈನಿಕರ ಸಾವನ್ನು ಹೂವಿನ ದಳದ ಥರ ಚಿತ್ರ ಮಾಡಿ ತೋರಿಸಿದರು. ತಿಂಗಳಿಗೊಂದು ದಳ, ಸಾವು ಎಷ್ಟೋ ದಳದ ಜಾಗ ಅಷ್ಟು. ಗಾಯಕ್ಕಿಂತ ರೋಗಕ್ಕೆ ಸತ್ತವರೇ ಎಷ್ಟೋ ಜಾಸ್ತಿ ಅನ್ನೋದು ಒಂದೇ ನೋಟಕ್ಕೆ ಕಾಣುತ್ತೆ. ಅವರ ಚಿತ್ರವೂ ಏಪ್ರಿಲ್‌ನಿಂದಲೇ ಶುರು, 1854ರ ಏಪ್ರಿಲ್. ಅದು ನೋಡಿದಾಗ ನನ್ನ ಅಶ್ವಿನಿ ನೆನಪಾಗಿ ಸುಮ್ನೆ ಖುಷಿಯಾಯಿತು.

ಕೆಟ್ಟ ಎರಡು ಬೆಳೆಗೆ "ಇದರಿಂದಲೇ ಹೀಗಾಯಿತು" ಅಂತ ಬಾಣ ಎಳೆಯಬೇಡಿ. ಒಂಬತ್ತು ಬೆಳೆ ಅಂದರೆ ಕಡಿಮೆ. ಎರಡರಲ್ಲೂ ನಾಲ್ಕನೇ ಜ್ವರದ ಹೊತ್ತಿಗೆ ಕರೆಂಟು ಹೋಗಿತ್ತು ಅಂತ ಕಂಡರೂ, ಸೊಪ್ಪು ಹಸಿ ಇತ್ತೋ, ಚಾಕಿಯಲ್ಲೇ ರೋಗ ಇತ್ತೋ ಪೋಸ್ಟರಿಗೆ ಗೊತ್ತಿಲ್ಲ. ಏನಾಯಿತೋ ಅಷ್ಟು ಬರೆಯಿರಿ. "ಇಲ್ಲಿ ಮೋಟರ್ ಸುಟ್ಟಿತು", "ಇಲ್ಲಿ ಮಗಳಿಗೆ ಪರೀಕ್ಷೆ". ಇಂಥ ಸಣ್ಣ ಮಾತು ನಾಲ್ಕೈದು ಇದ್ದರೆ ಸಾಕು, ನಿಮ್ಮ ಕೈಬರಹದಲ್ಲೇ ಇರಲಿ. ಬ್ಯಾಂಕ್ ಕ್ಯಾಲೆಂಡರಿಗೂ ನಿಮ್ಮದಕ್ಕೂ ಇರೋ ವ್ಯತ್ಯಾಸ ಅದೇ. ಸಾಲ, ಬಡ್ಡಿ ಲೆಕ್ಕ ಮಾತ್ರ ಡೈರಿಯಲ್ಲೇ ಇರಲಿ, ಗೋಡೆ ಎಲ್ಲರೂ ನೋಡೋ ಜಾಗ.

ಪ್ರಿಂಟ್ ಬಗ್ಗೆ. ಎ2 ಹಾಳೆ ಸ್ಕ್ಯಾನ್ ಮಾಡೋರು ನಮ್ಮ ಊರುಗಳಲ್ಲಿ ಸಿಗೋದು ಕಷ್ಟ. ಎ4ನಲ್ಲೇ ಅರ್ಧ ಅಳತೆಗೆ ಬರೆದು 600 ಡಿಪಿಐಗೆ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿಸಿ. 4961ಕ್ಕೆ 7016 ಪಿಕ್ಸೆಲ್ ಬರುತ್ತೆ, ಎ2ಗೆ 300 ಡಿಪಿಐನಲ್ಲಿ ಬೇಕಾದದ್ದೂ ಅಷ್ಟೇ. ಬರೆಯುವಾಗ ದಿನದ ಮನೆ 10ಕ್ಕೆ 15 ಆಗುತ್ತೆ, 0.1ರ ಸಣ್ಣ ಮೊನೆಯ ಪೆನ್ ಬೇಕು, ಕಣ್ಣೂ ಬೇಕು. ಕಷ್ಟ ಅನಿಸಿದರೆ ಎ3ನಲ್ಲಿ ಬರೆಯಿರಿ, ಜೆರಾಕ್ಸ್ ಅಂಗಡಿಯ ದೊಡ್ಡ ಮೆಷಿನ್‌ಗಳಲ್ಲಿ ಎ3 ಸ್ಕ್ಯಾನ್ ಆಗುತ್ತೆ. ಫೋನಿನ ಫೋಟೊ ಕೊಡಬೇಡಿ, ಅಂಚು ಬಾಗಿ ಚೌಕಗಳೆಲ್ಲ ಸೊಟ್ಟ ಬರುತ್ತವೆ.

ಫ್ಲೆಕ್ಸ್ ಬೇಡ. ಅಗ್ಗ ಹೌದು, ಸಣ್ಣ ಗೆರೆ ನಿಲ್ಲಲ್ಲ. ಡಿಜಿಟಲ್ ಪ್ರಿಂಟ್ ಮಾಡೋ ಕಡೆ ಹೋಗಿ, ಹೊಳಪಿಲ್ಲದ ದಪ್ಪ ಪೇಪರ್ ಕೇಳಿ. ಸ್ಕ್ರೀನ್ ಮೇಲಿನ ಗಿಳಿ ಹಸಿರು ಪೇಪರಿನಲ್ಲಿ ಮಂಕಾಗುತ್ತೆ, ಅದಕ್ಕೆ ಮೊದಲು ಒಂದು ಎ4 ತೆಗೆಸಿ ನೋಡಿ.

ಅಕ್ಷರವನ್ನು ಕಂಪ್ಯೂಟರ್‌ನಲ್ಲಿ ಹಾಕಿಸೋದಾದರೆ ಹುಷಾರು. ನಾನು ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಿದ್ದು ಅಂಗಡಿಯ ಸಿಸ್ಟಮ್‌ನಲ್ಲಿ ತೆರೆದಾಗ ಒತ್ತಕ್ಷರವೆಲ್ಲ ಬಿಡಿಬಿಡಿಯಾಯಿತು. "ಹುಬ್ಬೆ" ಹೋಗಿ "ಹುಬ್‌ಬೆ" ಆಗಿತ್ತು. ನೋಡದೆ ದುಡ್ಡು ಕೊಟ್ಟು ಬಂದೆ, ತಪ್ಪು ನನ್ನದೇ. ಅಕ್ಷರಗಳನ್ನು ಕರ್ವ್ ಮಾಡಿದ, ಅಂದರೆ ಚಿತ್ರದ ಗೆರೆಗಳಾಗಿ ಬದಲಿಸಿದ ಪಿಡಿಎಫ್ ಕೊಟ್ಟರೆ ಈ ಕಾಟ ಇಲ್ಲ. ಇಂಕ್‌ಸ್ಕೇಪ್ ಅನ್ನೋ ಚಿತ್ರ ಬರೆಯೋ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತೆ, ಅದರಲ್ಲೇ ಮಾಡಬಹುದು. ಕೈಯಲ್ಲಿ ಬರೆದರೆ ಇದು ಯಾವುದೂ ಬೇಡ.

ಹುಳದ ಮನೆ ಗೋಡೆಗೇ ಹಾಕಬೇಕು ಅಂತ ಬರೆದಿದ್ದೀರಿ. ಬೇಡ ತಂಗಿ. ಅಲ್ಲಿನ ತೇವ ಒಂದು ಕಡೆ, ಪ್ರತಿ ಬೆಳೆಗೂ ಹೊಡೆಯೋ ಬ್ಲೀಚಿಂಗ್ ಇನ್ನೊಂದು ಕಡೆ. ಎರಡು ಬೆಳೆಗೆ ಬಣ್ಣ ಹೋಗುತ್ತೆ. ಮೂಲ ಮನೆಯೊಳಗಿರಲಿ. ಅಲ್ಲಿಗೆ ಬೇಕೇ ಬೇಕು ಅಂದರೆ ಎ3 ಜೆರಾಕ್ಸ್ ಒಂದು ಲ್ಯಾಮಿನೇಟ್ ಮಾಡಿಸಿ ಹಾಕಿ, ಹಾಳಾದರೆ ಇನ್ನೊಂದು.

ಇಂಕ್ ಹಾಕೋಕೆ ಮುಂಚೆ ಪೆನ್ಸಿಲ್ ಕರಡಿನ ಫೋಟೊ ಇಲ್ಲಿ ಹಾಕಿ. ಮನೆಯವಳಿಗೆ ತೋರಿಸ್ತೀನಿ. ಲ್ಯಾಬ್ ರಿಪೋರ್ಟ್ ಥರ ಕಂಡರೆ ಅವಳೇ ಹೇಳ್ತಾಳೆ.