ಆ ದುಡ್ಡು ಮಗಳ ಹೆಸರಿನದ್ದಲ್ಲ, ಪ್ರಾಜೆಕ್ಟಿನದ್ದು

ಕಾಸರಗೋಡು ಜಿಲ್ಲೆಯ ಪೆರ್ಲದ ಅಡಿಕೆ ಬೆಳೆಗಾರರೊಬ್ಬರು ಬರೆದಿದ್ದಾರೆ: "ಮಗಳು ಕಂಪ್ಯೂಟರಿನಲ್ಲಿ ಜೀನ್ ಮಾಹಿತಿ ಓದುವ ಬಯೋಇನ್ಫಾರ್ಮ್ಯಾಟಿಕ್ಸ್‌ನಲ್ಲಿ ಎಂಎಸ್‌ಸಿ ಮಾಡಿ, ದೂರದ ಒಂದು ಸಂಸ್ಥೆಯಲ್ಲಿ ಪ್ರಾಜೆಕ್ಟ್ ಅಸೋಸಿಯೇಟ್ ಆಗಿದ್ದಾಳೆ. ತಿಂಗಳಿಗೆ 30,000 ರೂಪಾಯಿ ಅಂತೆ. ನಾಲ್ಕು ತಿಂಗಳಿಂದ ಒಂದು ಪೈಸೆ ಬಂದಿಲ್ಲ. ಬ್ಯಾಂಕ್ ಪರೀಕ್ಷೆ ಬರಿ ಅಂದರೆ ಕೇಳುವುದಿಲ್ಲ. ಇದೂ ಒಂದು ಕೆಲಸವಾ?"

ಕೆಲಸ ಹೌದು. ಆದರೆ ಅದನ್ನು ಕೊಟ್ಟದ್ದು ಸಂಸ್ಥೆ ಅಂತ ನೀವು ತಿಳಿದಿದ್ದೀರಿ, ಹಾಗಲ್ಲ. ಅಲ್ಲಿನ ವಿಜ್ಞಾನಿಯೊಬ್ಬರು ದೆಹಲಿಯ ಸರಕಾರಿ ಇಲಾಖೆಗೆ ಅರ್ಜಿ ಹಾಕಿ ಎರಡು ಮೂರು ವರ್ಷಕ್ಕೆ ಒಂದು ಪ್ರಾಜೆಕ್ಟ್ ತಂದಿರುತ್ತಾರೆ. ಮಗಳ ಸಂಬಳ ಆ ಪ್ರಾಜೆಕ್ಟಿನ ದುಡ್ಡಿನಿಂದ. ದುಡ್ಡು ಒಟ್ಟಿಗೆ ಬರುವುದಿಲ್ಲ, ಕಂತಿನಲ್ಲಿ ಬರುತ್ತದೆ. ಮಾರ್ಚ್ 31ಕ್ಕೆ ಲೆಕ್ಕ ಮುಗಿಸಿ, ಹಣ ಬಳಸಿದ ಪ್ರಮಾಣಪತ್ರ ಕಳಿಸಿ, ಅದು ಅಲ್ಲಿ ಪಾಸಾದ ಮೇಲೆ ಮುಂದಿನ ಕಂತು. ನೆರೆಮನೆಯವರ ಸುರಂಗದಿಂದ (ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಕೊರೆದದ್ದು) ಪೈಪ್ ಎಳೆದು ತೋಟಕ್ಕೆ ನೀರು ಬಿಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರ ಟಾಂಕಿ ತುಂಬದೆ ನಿಮ್ಮ ಕಡೆಗೆ ಹನಿ ಬೀಳದು.

ಹಾಗಾಗಿ ಮಗಳು ಸ್ವಂತ ಸುರಂಗ ತೋಡಬೇಕು. ಸಿಎಸ್‌ಐಆರ್ ನೆಟ್ ಎಂಬ ರಾಷ್ಟ್ರಮಟ್ಟದ ವಿಜ್ಞಾನ ಪರೀಕ್ಷೆ ಬರೆದು ಜೆಆರ್‌ಎಫ್ (ಸಂಶೋಧನೆ ಮಾಡುವವರಿಗೆ ಸಿಗುವ ಫೆಲೋಶಿಪ್) ಗಳಿಸಿದರೆ ಆ ತಿಂಗಳ ದುಡ್ಡು ಅವಳ ಹೆಸರಿಗೇ ಬರುತ್ತದೆ. 2023ರ ಜನವರಿಯಲ್ಲಿ ಏರಿಸಿದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000, ಮನೆ ಬಾಡಿಗೆ ಭತ್ಯೆ ಬೇರೆ. ಒಟ್ಟು ಐದು ವರ್ಷ. ಪಿಎಚ್‌ಡಿ ಸೀಟು ಸಿಕ್ಕಿದ ಕಡೆ ಅದನ್ನು ಒಯ್ಯಬಹುದು. ನಿಮ್ಮದೇ ಜಿಲ್ಲೆಯ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೇ ಜೀನೋಮಿಕ್ ಸೈನ್ಸ್ ವಿಭಾಗ ಇದೆ, ಮನೆಯಿಂದ ಬಹಳ ದೂರವೇನಲ್ಲ. ಗೈಡ್‌ನ ಪ್ರಾಜೆಕ್ಟ್ ಮುಗಿದರೂ ಇವಳ ದುಡ್ಡು ನಿಲ್ಲದು. ತಡವಾಗುವುದು ಇಲ್ಲೂ ಉಂಟು, ಸುಳ್ಳು ಹೇಳುವುದಿಲ್ಲ. (ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಗಡಿನಾಡಿನ ಮಕ್ಕಳು ಇದನ್ನೂ ದಾಟಬೇಕು, ಏನು ಮಾಡುವುದು!)

ಇನ್ನೊಂದು ವಿಷಯ ನಿಮ್ಮ ಮಗಳ ಪರವಾಗಿದೆ. ಕೆಮಿಕಲ್ ಬಳಸಿ ಪ್ರಯೋಗ ಮಾಡುವ ವೆಟ್ ಲ್ಯಾಬ್‌ನಲ್ಲಿ ಕಂತು ಬರದಿದ್ದರೆ ಕೆಮಿಕಲ್ ಇಲ್ಲ, ಕೆಮಿಕಲ್ ಇಲ್ಲದಿದ್ದರೆ ಪ್ರಯೋಗವೂ ಇಲ್ಲ. ಅವಳಿಗೆ ಬೇಕಾದದ್ದು ಕಂಪ್ಯೂಟರ್ ಮತ್ತು ಇಂಟರ್ನೆಟ್. ಪೈಥಾನ್, ಆರ್, ಲಿನಕ್ಸ್ ಎಂಬ ಸಾಫ್ಟ್‌ವೇರ್ ಎಲ್ಲ ಪುಕ್ಕಟೆ. ಅಮೆರಿಕದ ಎನ್‌ಸಿಬಿಐ ಎಂಬ ಸರಕಾರಿ ಮಾಹಿತಿ ಭಂಡಾರದಲ್ಲಿ ರಾಶಿ ರಾಶಿ ಜೀನ್ ಮಾಹಿತಿ ಬಿದ್ದಿದೆ, ಅದರಲ್ಲಿ ಹೆಚ್ಚಿನದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ನಮ್ಮದೇ ಜೀನೋಮ್ ಇಂಡಿಯಾ ಯೋಜನೆ 10,000 ಭಾರತೀಯರ ಜೀನೋಮ್ (ಒಬ್ಬರ ಪೂರ್ತಿ ಜೀನ್ ಮಾಹಿತಿ) ಓದಿ ಫರೀದಾಬಾದಿನಲ್ಲಿ ಇಟ್ಟಿದೆ. ಅದನ್ನು ಬಳಸಲು ಸಂಸ್ಥೆಯ ಮೂಲಕ ಅರ್ಜಿ ಹಾಕಬೇಕು. ಸಂಬಳ ಬರದ ಈ ತಿಂಗಳುಗಳಲ್ಲೂ ಅವಳು ಒಂದು ಸಂಶೋಧನಾ ಪೇಪರಿಗೆ ಆಗುವಷ್ಟು ಕೆಲಸ ಮಾಡಬಹುದು. ಪಿಎಚ್‌ಡಿ ಸಂದರ್ಶನದಲ್ಲಿ ಅದಕ್ಕೆ ಬೆಲೆ ಜಾಸ್ತಿ.

ಬ್ಯಾಂಕ್ ಪರೀಕ್ಷೆ ಸದ್ಯಕ್ಕೆ ಬೇಡ. ಎರಡೂ ಓದಲು ಹೋದರೆ ಎರಡೂ ಅರ್ಧಂಬರ್ಧ ಆದೀತು. ನೆಟ್‌ಗೆ ಎರಡು ಸಲ ಕೂರಲಿ, ಆಗಲಿಲ್ಲವೆಂದರೆ ಆಗ ಮಾತಾಡಿ.

ಈ ವಾರ ಅವಳು ಈಗಿನ ಪ್ರಾಜೆಕ್ಟಿನ ವಿಜ್ಞಾನಿ ಹತ್ತಿರ ಹೋಗಿ ಪ್ರಾಜೆಕ್ಟ್ ಮುಗಿಯುವ ತಾರೀಕು ಯಾವುದು, ಈ ವರ್ಷದ ಕಂತು ಮಂಜೂರಾಗಿದೆಯಾ ಅಂತ ಕೇಳಲಿ. ಹುಡುಗಿಯರು ಸುಮ್ನೆ ಸಂಕೋಚಪಡುತ್ತಾರೆ. ಉತ್ತರ ಬರುವ ತನಕ ಹಾಸ್ಟೆಲ್ ಫೀಸು ಮಾತ್ರ ನಿಮ್ಮ ಅಡಿಕೆ ದುಡ್ಡಿನಲ್ಲೇ ಹೋಗಬೇಕಾದೀತು.

— ಸಂಪಾದಕ