ಡಿಶ್ ಮೊದಲು, ನೆಟ್ ಬೆನ್ನಿಗೆ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ, ಸರ್. ಹಳೆಯ ಕಂಪ್ಯೂಟರಿಗೆ ಡಿಶ್ ಟ್ಯೂನರ್ ಕಾರ್ಡ್ ಹಾಕಿ, ಲಿನಕ್ಸ್ ಮೇಲೆ ಟಿವಿಹೆಡ್‌ಎಂಡ್ (ಟಿವಿ ರೆಕಾರ್ಡ್ ಮಾಡುವ ಸಾಫ್ಟ್‌ವೇರ್) ಕೂರಿಸಿ, ಡಿಡಿ ಫ್ರೀ ಡಿಶ್‌ನಿಂದ ಚಂದನದ ಕಾರ್ಯಕ್ರಮಗಳನ್ನು ಅಮ್ಮನಿಗಾಗಿ ರೆಕಾರ್ಡ್ ಮಾಡಿಡುತ್ತೇನೆ. ಮಳೆಗಾಲಕ್ಕೆ ಇರಲಿ ಅಂತ ಅದೇ ವಾಹಿನಿಯ ನೆಟ್ ಸ್ಟ್ರೀಮನ್ನೂ ಐಪಿಟಿವಿ (ನೆಟ್ ಮೂಲಕ ಬರುವ ಟಿವಿ) ನೆಟ್‌ವರ್ಕ್ ಆಗಿ ಸೇರಿಸಿದೆ. ಎರಡನ್ನೂ ಒಂದೇ ಚಾನೆಲ್‌ಗೆ ಜೋಡಿಸಿ, ಕಾರ್ಡಿಗೆ ಪ್ರಯಾರಿಟಿ 1, ನೆಟ್ಟಿಗೆ 2 ಕೊಟ್ಟೆ. ಈಗ ಕಾರ್ಡ್ ಸುಮ್ಮನೆ ಕೂತಿದ್ದರೂ ರೆಕಾರ್ಡಿಂಗ್ ನೆಟ್‌ನಿಂದಲೇ ಆಗುತ್ತಿದೆ. ಮಧ್ಯೆ ಮಧ್ಯೆ ತುಂಡಾಗುತ್ತದೆ, ಕೊನೆಯ ಅರ್ಧ ನಿಮಿಷ ಇರುವುದೇ ಇಲ್ಲ. ಎಲ್ಲಿ ತಪ್ಪಿದೆ?

ಉತ್ತರ: ಎರಡು ಮೂಲಗಳನ್ನು ಒಂದೇ ಚಾನೆಲ್‌ಗೆ ಜೋಡಿಸಿದಿರಲ್ಲ, ಕಷ್ಟದ ಕೆಲಸ ಅಲ್ಲಿಗೆ ಮುಗಿಯಿತು. ತಪ್ಪಿರುವುದು ಆ 1 ಮತ್ತು 2ರಲ್ಲಿ. ನಾವು ಒಂದನೇ ನಂಬರು ಅಂದರೆ ಮೊದಲ ಸ್ಥಾನ ಅಂದುಕೊಳ್ಳುತ್ತೇವೆ. ಟಿವಿಹೆಡ್‌ಎಂಡ್‌ನಲ್ಲಿ ದೊಡ್ಡ ಅಂಕಿಗೇ ಮೊದಲ ಮಣೆ. ಕಾರ್ಡಿನ ಅಡಾಪ್ಟರ್ ಪುಟದಲ್ಲಿ ಪ್ರಯಾರಿಟಿಯನ್ನು 10 ಮಾಡಿ, ಐಪಿಟಿವಿ ನೆಟ್‌ವರ್ಕ್‌ನಲ್ಲಿ 1ಕ್ಕೆ ಇಳಿಸಿ, ಸೇವ್ ಒತ್ತಿ. ಮುಂದಿನ ರೆಕಾರ್ಡಿಂಗ್ ಶುರುವಾದಾಗ ಸ್ಟೇಟಸ್ ಪುಟ ತೆರೆದು ನೋಡಿ, ಕಾರ್ಡಿನ ಹೆಸರೇ ಕಾಣಬೇಕು.

ಅದೇ ಜಾಗದಲ್ಲಿ ‘ಸ್ಟ್ರೀಮಿಂಗ್ ಪ್ರಯಾರಿಟಿ’ ಅಂತ ಇನ್ನೊಂದು ಖಾನೆ ಇದೆ. ಅದು ರೆಕಾರ್ಡಿಂಗಿಗಲ್ಲ, ನೇರವಾಗಿ ಕೂತು ನೋಡುವುದಕ್ಕೆ. ಇಲ್ಲಿ ಮಾತ್ರ ತಿರುಗಿಸಿ ಕೊಡಿ: ನೆಟ್ಟಿಗೆ 10, ಕಾರ್ಡಿಗೆ 1. ಆಗ ಅಮ್ಮ ಟಿವಿ ಹಾಕಿದರೆ ಚಿತ್ರ ನೆಟ್‌ನಿಂದ ಬರುತ್ತದೆ, ಕಾರ್ಡ್ ರೆಕಾರ್ಡಿಂಗಿಗೆ ಬಿಡುವಾಗಿರುತ್ತದೆ. ಒಂದೇ ಕಾರ್ಡ್ ಇರುವ ಮನೆಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ಕಂಡಿಲ್ಲ. ಐಪಿಟಿವಿ ನೆಟ್‌ವರ್ಕ್‌ನಲ್ಲಿ ಒಂದೇ ಸಲಕ್ಕೆ ಎಷ್ಟು ಸ್ಟ್ರೀಮ್ ಅನ್ನುವ ಮಿತಿಯನ್ನು 2ಕ್ಕೆ ನಿಲ್ಲಿಸಿ, ಹಳ್ಳಿಯ ಲೈನಿಗೆ ಅದಕ್ಕಿಂತ ಹೊರೆ ಬೇಡ.

ಕೊನೆಯ ಅರ್ಧ ನಿಮಿಷದ ಕಥೆ ಬೇರೆ. ನೆಟ್ ಸ್ಟ್ರೀಮು ಸಣ್ಣ ಸಣ್ಣ ತುಣುಕುಗಳಾಗಿ ಕಟ್ಟಿಕೊಂಡು ಬರುವುದರಿಂದ ಡಿಶ್‌ಗಿಂತ ಹಿಂದೆ ಬಿದ್ದಿರುತ್ತದೆ. ಗಡಿಯಾರ ನೋಡಿ ರೆಕಾರ್ಡಿಂಗ್ ನಿಲ್ಲಿಸುವ ಕಂಪ್ಯೂಟರಿಗೆ ಅದು ಗೊತ್ತಾಗುವುದಿಲ್ಲ. ರೆಕಾರ್ಡಿಂಗ್ ಪ್ರೊಫೈಲಿನಲ್ಲಿ ಶುರುವಿಗೆ ಮೊದಲು 2 ನಿಮಿಷ, ಮುಗಿದ ಮೇಲೆ 5 ನಿಮಿಷ ಪ್ಯಾಡಿಂಗ್ (ಹೆಚ್ಚುವರಿ ಹೊತ್ತು) ಕೊಡಿ. ರಸಪ್ರಶ್ನೆಯ ಕೊನೆಯ ಉತ್ತರ ಹೇಳುವ ಹೊತ್ತಿಗೆ ಪರದೆ ಕಪ್ಪಾದರೆ ನೋಡುವವರ ಮುಖ ಹೇಗಾಗುತ್ತದೆ ಅಂತ ನಮ್ಮ ಮನೆಯಲ್ಲೇ ಕಂಡಿದ್ದೇನೆ. ಐದು ನಿಮಿಷದ ಜಾಹೀರಾತು ಸೇರಿಕೊಂಡರೆ ಸೇರಿಕೊಳ್ಳಲಿ.

ಇನ್ನು ಮಳೆ. ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15ರಿಂದ, ಕೆಯು ಬ್ಯಾಂಡ್ ಅನ್ನುವ ಹೆಚ್ಚು ಫ್ರೀಕ್ವೆನ್ಸಿಯ ಅಲೆಗಳಲ್ಲಿ. ಜೋರು ಮಳೆಯ ಹನಿಗಳು ಆ ಅಲೆಗಳನ್ನು ಹೀರಿಬಿಡುತ್ತವೆ, ಎಂಥ ಕಾರ್ಡ್ ಇದ್ದರೂ ಅಷ್ಟೇ. ಆದರೆ ಮಲೆನಾಡಿನಲ್ಲಿ ಮಳೆಗಿಂತ ಮೊದಲು ಮರ ನೋಡಿ. ನಿಮ್ಮ ಊರಿಂದ ಆ ಉಪಗ್ರಹ ಆಗ್ನೇಯಕ್ಕೆ, ನೆಲದಿಂದ ಸುಮಾರು 63 ಡಿಗ್ರಿ ಎತ್ತರದಲ್ಲಿದೆ. ಸಾಗರದ ನನ್ನ ಅಕ್ಕನ ಮನೆಯಲ್ಲಿ ಬೇಸಿಗೆಯಿಡೀ ಚೆನ್ನಾಗಿದ್ದ ಸಿಗ್ನಲ್ ಜೂನ್‌ನಲ್ಲಿ ಸಣ್ಣ ಜಡಿಮಳೆಗೂ ಹೋಗುತ್ತಿತ್ತು. ಭಾವ ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಬದಲಿಸಿದರು, ಕೇಬಲ್ ಬದಲಿಸಿದರು. ನಾನು ಹೋಗಿ ಡಿಶ್ ಪಕ್ಕ ನಿಂತು ಅದು ನೋಡುವ ದಿಕ್ಕಿಗೇ ತಲೆಯೆತ್ತಿದೆ. ಅಂಗಳದಂಚಿನ ಅಡಿಕೆ ಮರದ ಒಂದು ಸೋಗೆ ಸರಿಯಾಗಿ ಅಡ್ಡ ಬಂದಿತ್ತು, ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಒಣಗಿದ್ದಾಗ ಅಷ್ಟಾಗಿ ತೊಂದರೆ ಕೊಡದ ಸೋಗೆ ನೆನೆದ ಮೇಲೆ ಗೋಡೆಯಾಗಿತ್ತು. ಡಿಶ್ಶನ್ನು ಕೊಟ್ಟಿಗೆಯ ಮಾಡಿಗೆ ಸರಿಸಿದೆವು. ಈಗ ನಿಜವಾದ ಸುರಿಮಳೆಗೆ ಮಾತ್ರ ಹೋಗುತ್ತದೆ.

ಆ ಸುರಿಮಳೆಗೆ ನೆಟ್ ಬೇಕು. ರೆಕಾರ್ಡಿಂಗ್ ಶುರುವಾಗುವಾಗಲೇ ಕಾರ್ಡಿಗೆ ಸಿಗ್ನಲ್ ಸಿಗದಿದ್ದರೆ ಟಿವಿಹೆಡ್‌ಎಂಡ್ ಎರಡನೇ ಮೂಲಕ್ಕೆ ಹೋಗಿ ನೋಡುತ್ತದೆ. ಅರ್ಧದಲ್ಲಿ ಸಿಗ್ನಲ್ ಕೆಟ್ಟರೂ ಹಾಗೆ ಬದಲಾಗುತ್ತದೆ ಅಂತ ನಂಬಿ ಕೂರಬೇಡಿ. ಅಮ್ಮನಿಗೆ ತಪ್ಪಲೇಬಾರದ ಕಾರ್ಯಕ್ರಮ ಇದ್ದರೆ ನೆಟ್ ಸ್ಟ್ರೀಮು ಮಾತ್ರ ಇರುವ ‘ಚಂದನ ನೆಟ್’ ಅಂತ ಇನ್ನೊಂದು ಚಾನೆಲ್ ಮಾಡಿ, ಅದರಲ್ಲೂ ಒಂದು ರೆಕಾರ್ಡಿಂಗ್ ಹಾಕಿ. ಬೆಳಿಗ್ಗೆ ಚೆನ್ನಾಗಿ ಬಂದದ್ದನ್ನು ಇಟ್ಟುಕೊಂಡು ಇನ್ನೊಂದನ್ನು ಅಳಿಸಿ. ಸೆಕೆಂಡಿಗೆ 4 ಮೆಗಾಬಿಟ್ ಲೆಕ್ಕ ಹಿಡಿದರೂ ಒಂದು ಗಂಟೆಗೆ 1.8 ಜಿಬಿ, ಒಂದು ರಾತ್ರಿಗೆ ಅದೇನೂ ಭಾರವಲ್ಲ. ಫೈಲು ‘ಟಿಎಸ್’ ರೂಪದಲ್ಲೇ ಇರಲಿ, ಎಂಪಿ4 ಬೇಡ. ನಡುವೆ ಕರೆಂಟ್ ಹೋದರೆ ಎಂಪಿ4 ತೆರೆಯುವುದೇ ಕಷ್ಟ, ಟಿಎಸ್ ಆದರೆ ಅಲ್ಲಿಯವರೆಗಿನದು ನೋಡಲು ಸಿಗುತ್ತದೆ.

ಪ್ರಶ್ನೆ: ಒಂದೇ ಕಾರ್ಡಿನಲ್ಲಿ ಎರಡು ವಾಹಿನಿ ಒಟ್ಟಿಗೆ ರೆಕಾರ್ಡ್ ಮಾಡಬಹುದೇ? — ಹಾವೇರಿಯ ಓದುಗರು

ಉತ್ತರ: ಎರಡೂ ಒಂದೇ ಫ್ರೀಕ್ವೆನ್ಸಿಯಲ್ಲಿ ಬರುತ್ತಿದ್ದರೆ ಆಗುತ್ತದೆ. ಆ ಫ್ರೀಕ್ವೆನ್ಸಿಯ ಅಷ್ಟೂ ವಾಹಿನಿಗಳು ಒಂದೇ ಕಂತೆಯಾಗಿ ಕಾರ್ಡಿಗೆ ಇಳಿಯುತ್ತವೆ, ಬೇಕಾದವನ್ನು ಬಿಡಿಸಿಕೊಳ್ಳುವುದು ಸಾಫ್ಟ್‌ವೇರ್ ಕೆಲಸ. ಸರ್ವೀಸಸ್ ಪಟ್ಟಿಯಲ್ಲಿ ಎರಡರ ಮಕ್ಸ್ (ಆ ಕಂತೆಗೆ ಹಾಗೆ ಹೆಸರು) ಒಂದೇ ಇದೆಯಾ ನೋಡಿ. ಬೇರೆ ಬೇರೆ ಇದ್ದರೆ ಇನ್ನೊಂದು ಟ್ಯೂನರ್ ಬೇಕು, ಇಲ್ಲವೇ ಎರಡನೆಯದನ್ನು ನೆಟ್‌ಗೆ ಬಿಡಿ.